ಇಸ್ತ್ರಿ ವಾಯರಿಗೆ ಅರಿವಿ ಅಂಗಿ ಯಾಕ?

ಈ ಸಲ ನಾ ಬರೀಲಿಕ್ಕೆ ಹೊಂಟದ್ದು ಅಡಿಗಿ ಬಗ್ಗೆನೂ ಅಲ್ಲ, ಹಬ್ಬದ ಬಗ್ಗೆನೂ ಅಲ್ಲ. ದಿನಾ ಹತ್ತು ಸಲ ಕೈಗೆ ತಾಕಿದ್ರೂ ಕಣ್ಣಿಗೆ ಬೀಳದ ಒಂದು ವಸ್ತು ನಮ್ಮೆಲ್ಲರ ಮನ್ಯಾಗ ಅದ. ಅದು ವಾಯರ್. ಮಿಕ್ಸರಿನ ವಾಯರ್, ಇಸ್ತ್ರಿ ವಾಯರ್, ನೀರು ಕಾಸೋ ಕಾಯಿಲಿನ ವಾಯರ್. ಪಾತ್ರಿ ತಿಕ್ಕತೀವಿ, ಒಲಿ ಒರಸ್ತೀವಿ, ಫ್ಯಾನಿನ ಧೂಳ ಸುದ್ದಾ ಹೊಡೀತೀವಿ. ವಾಯರಿನ ಸುದ್ದಿಗೆ ಮಾತ್ರ ಯಾರೂ ಹೋಗೂದಿಲ್ಲ.

ನಮ್ಮ ಮ್ಯಾಲಿನ ಮನಿ ಸೊಸಿ ಮೊನ್ನೆ ಒಂದು ಪ್ರಶ್ನೆ ಕೇಳಿದ್ಲು. "ಕಾಕು, ಟೀವಿ, ಫ್ರಿಜ್, ಮಿಕ್ಸರ್ ಎಲ್ಲಾದ್ರ ವಾಯರೂ ಪ್ಲಾಸ್ಟಿಕ್ಕಿಂದು ಅದಾವ. ಇಸ್ತ್ರಿಪೆಟ್ಟಿಗಿಗೆ ಮಾತ್ರ ಇನ್ನೂ ಅರಿವಿ ಸುತ್ತಿದ ವಾಯರ್ ಯಾಕ? ತೊಳೀಲಿಕ್ಕೂ ಬರೂದಿಲ್ಲ, ಹೊಲಸ ಕಾಣಸ್ತದ." ಪ್ರಶ್ನೆ ಸಣ್ಣದು. ಉತ್ತರ ಹುಡಕಲಿಕ್ಕೆ ಹೋದ್ರ ನೂರಾನಲವತ್ತು ವರ್ಷದ ಕತಿ ಬಿಚ್ಚಿಕೊಳ್ತದ. ಆ ಕತಿ ತಿಳದ್ರ ಯಾವ ವಾಯರನ್ನ ಹ್ಯಾಂಗ ಒರಸಬೇಕು, ಯಾವುದನ್ನ ಒರಸದ ಒಗೀಬೇಕು ಅನ್ನೋದು ತಾನ ತಿಳೀತದ. ಅದಕ್ಕ ಮೊದಲ ಕತಿ ಹೇಳ್ತೀನಿ, ಆಮ್ಯಾಲ ಕೆಲಸ.

1882ನೇ ಇಸವಿಯೊಳಗ ಅಮೆರಿಕಾದ ನ್ಯೂಯಾರ್ಕ್ ಶಹರದಾಗ, ಪರ್ಲ್ ಸ್ಟ್ರೀಟ್ ಅನ್ನೋ ಓಣಿಯೊಳಗ, ಥಾಮಸ್ ಎಡಿಸನ್ ಕರೆಂಟು ಹುಟ್ಟಸೋ ಕೇಂದ್ರ ಸುರು ಮಾಡಿದ. ಸುತ್ತಲಿನ ಆಫೀಸು, ಅಂಗಡಿಗಳಿಗೆ ದೀಪ ಬಂತು. ಅದೇ ವರ್ಷ ಅದೇ ಊರಾಗ ಹೆನ್ರಿ ಸೀಲಿ ಅನ್ನಾಂವ ಕರೆಂಟಿನ ಇಸ್ತ್ರಿಪೆಟ್ಟಿಗಿಗೆ ಪೇಟೆಂಟ್ ತಗೊಂಡ. ಅಂದ್ರ ಶಹರಕ್ಕ ದೀಪ ಬಂದ ವರ್ಷನ ಇಸ್ತ್ರಿನೂ ಬಾಗಲಾ ಬಡದಿತ್ತು. ಅವತ್ತಿಂದ ಇವತ್ತಿನ ತನಕ ಇಸ್ತ್ರಿ ಮತ್ತ ವಾಯರಿನ ಜಗಳ ಮುಗದಿಲ್ಲ. ಯಾಕಂದ್ರ ಇಸ್ತ್ರಿಗೆ ಬಿಸಿ ಬೇಕು, ವಾಯರಿಗೆ ಬಿಸಿ ಆಗಿ ಬರೂದಿಲ್ಲ.

ವಾಯರ್ ಅಂದ್ರ ಒಳಗ ತಾಮ್ರದ ತಂತಿ, ಮ್ಯಾಲ ಒಂದು ಅಂಗಿ. ತಾಮ್ರದ್ದು ಕರೆಂಟು ಒಯ್ಯೋ ಕೆಲಸ, ಅಂಗೀದು ಕರೆಂಟನ್ನ ನಮ್ಮ ಕೈಗೆ ಬರದಂಗ ತಡಿಯೋ ಕೆಲಸ. ತಾಮ್ರ ಅವತ್ತೂ ತಾಮ್ರ, ಇವತ್ತೂ ತಾಮ್ರ. ಬದಲಾಗಿದ್ದು ಅಂಗಿ.

ಮೊದಮೊದಲ ಆ ಅಂಗಿ ಬರೇ ಹತ್ತಿ ನೂಲಿಂದು ಇತ್ತು. ತಂತಿ ಮ್ಯಾಲ ನೂಲು ಹೆಣದು, ಅದರ ಮ್ಯಾಲ ಸಫೇತದ ಬಿಳೆ ಬಣ್ಣ ಬಳೀತಿದ್ರು. ಅಮೆರಿಕಾದ ವಿಮಾ ಕಂಪನಿಗಳ ಹೆಸರಿನ ಮ್ಯಾಲ ಅದಕ್ಕ 'ಅಂಡರ್‌ರೈಟರ್ಸ್ ವಾಯರ್' ಅಂತಿದ್ರು. ನೂಲು ಹಸಿ ಆತು ಅಂದ್ರ ಕರೆಂಟು ಹೊರಗ ಬರೋದು, ಬೆಂಕಿ ಹತ್ತೋದು. ಕೆಲಸಗಾರರು ಹೆಸರನ್ನ ಸ್ವಲ್ಪ ತಿರುವಿ 'ಅಂಡರ್‌ಟೇಕರ್ಸ್ ವಾಯರ್' ಅಂತ ಅಡ್ಡಹೆಸರು ಇಟ್ರು. ಅಂಡರ್‌ಟೇಕರ್ ಅಂದ್ರ ಹೆಣಾ ಹೂಳೋ ವ್ಯವಸ್ಥಾ ಮಾಡಾಂವ. ಚ್ಯಾಷ್ಟಿ ಮಾತು ಖರೆ, ಆದ್ರ ಅದರೊಳಗ ಎಷ್ಟು ಮನಿ ಸುಟ್ಟಿರಬೇಕು ವಿಚಾರ ಮಾಡ್ರಿ.

ಮುಂದ ಬಂತು ರಬ್ಬರು. ಗಿಡದ ಹಾಲಿನಿಂದ ಮಾಡಿದ ಹಸಿ ರಬ್ಬರು ಬ್ಯಾಸಿಗ್ಯಾಗ ಅಂಟಂಟ ಆಗ್ತಿತ್ತು, ಚಳಿಯೊಳಗ ಕಟಗಿ ಆಗ್ತಿತ್ತು. ಚಾರ್ಲ್ಸ್ ಗುಡ್‌ಇಯರ್ ಅನ್ನೋ ಅಮೆರಿಕದಾಂವ 1839ರಾಗ ಅದಕ್ಕ ಗಂಧಕ ಕೂಡಿಸಿ ಕಾಸಿದ್ರ ಗಟ್ಟಿ ಆಗ್ತದ, ಮೆತ್ತಗೂ ಉಳೀತದ ಅಂತ ಕಂಡುಕೊಂಡಿದ್ದ. ಆ ರಬ್ಬರು ವಾಯರಿಗೆ ಬಂತು. ಆದ್ರ ಗಂಧಕಕ್ಕೂ ತಾಮ್ರಕ್ಕೂ ಆಗಿ ಬರೂದಿಲ್ಲ. ತಾಮ್ರ ಕರ್ರಗಾಗಿ ತಿಂದು ಹೋಗ್ತದ. ಅದಕ್ಕ ಏನ ಮಾಡಿದ್ರು ಗೊತ್ತದೇನ್ರಿ? ತಂತಿಗೆ ಕಲಾಯಿ ಮಾಡಿಸಿದ್ರು! ನಮ್ಮ ಅಜ್ಜಿಯಂದಿರು ಹಿತ್ತಾಳಿ ಪಾತೇಲಿಗೆ ಹುಳಿ ಹತ್ತಬಾರದು ಅಂತ ಮಾಡಸ್ತಿದ್ರಲ್ಲ, ಅದೇ ತವರದ ಕಲಾಯಿ. ಹಳೇ ವಾಯರ್ ಕತ್ತರಿಸಿದಾಗ ಒಳಗ ತಾಮ್ರದ ಬದಲಿ ಬೆಳ್ಳಿ ಬಣ್ಣದ ತಂತಿ ಕಂಡಿದ್ರ ಅದು ಬೆಳ್ಳಿನೂ ಅಲ್ಲ, ಅಲ್ಯುಮಿನಿಯಂ ಆಗಿರಬೇಕಂತನೂ ಇಲ್ಲ. ಕಲಾಯಿ ಹಾಕಿದ ತಾಮ್ರ ಅದು.

ರಬ್ಬರು ಕರೆಂಟು ತಡೀತಿತ್ತು, ಆದ್ರ ಭಾಳ ನಾಜೂಕು. ತಿಕ್ಕಿದ್ರ ಸವೀತದ, ಬಿಸಲಿಗೆ ಬಿರಕ ಬಿಡ್ತದ, ಎಣ್ಣಿ ಹತ್ತಿದ್ರ ಉಬ್ಬತದ. ಅದಕ್ಕ ರಬ್ಬರಿನ ಮ್ಯಾಲ ಮತ್ತ ನೂಲು ಹೆಣದ್ರು. ಒಳಗ ಬನಿಯನ್, ಮ್ಯಾಲ ಅಂಗಿ ಇದ್ದಂಗ. ಕೆಲವು ಇಸ್ತ್ರಿ ವಾಯರಿನೊಳಗ ಬಿಸಿ ತಡೀಲಿ ಅಂತ ನಡುವ ಆಸ್ಬೆಸ್ಟಾಸ್ ನಾರೂ ಹಾಕತಿದ್ರು. ಅದರ ಧೂಳು ಪುಪ್ಪಸಕ್ಕ ವಿಷ ಅಂತ ಮುಂದ ಗೊತ್ತಾತು. ಯಾರ ಮನಿ ಅಟ್ಟದ ಮ್ಯಾಲರೆ ಅಜ್ಜನ ಕಾಲದ ವಿಲಾಯತಿ ಇಸ್ತ್ರಿ ಇದ್ದರ ಅದರ ವಾಯರ್ ಬಿಚ್ಚಿ ನೋಡೋ ಉಸಾಬರಿಗೆ ಹೋಗಬ್ಯಾಡ್ರಿ.

ಇಲ್ಲಿ ಒಂದು ಮಾತು ನೆನಪ ಇಟ್ಟುಕೊಳ್ರಿ. ಅರಿವಿ ಅಂಗಿ ಕರೆಂಟು ತಡೀಲಿಕ್ಕೆ ಅಲ್ಲ. ಅದು ಒಳಗಿನ ರಬ್ಬರನ್ನ ಕಾಯಲಿಕ್ಕೆ. ಮ್ಯಾಲ ಅರಿವಿ ಛಂದ ಇದ್ರೂ ಒಳಗ ರಬ್ಬರು ಸತ್ತಿರಬಹುದು.

ಈಗ ನಮ್ಮ ಕಡಿಗೆ ಬರೋಣ. ಮೈಸೂರು ಸಂಸ್ಥಾನದವ್ರು ಶಿವನಸಮುದ್ರದಾಗ ಕಾವೇರಿ ನೀರಿನಿಂದ ಕರೆಂಟು ತಗದು 1902ರಾಗ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ರು. ಬೆಂಗಳೂರಿಗೆ 1905ರಾಗ, ಮೈಸೂರಿಗೆ 1908ರಾಗ ದೀಪ ಬಂತು. ಮೊದಲ ಗಣಿ, ಆಮ್ಯಾಲ ಬೀದಿ, ಅರಮನಿ, ಕಟ್ಟಕಡೀಗೆ ನಮ್ಮಂಥವ್ರ ಮನಿ. ನಮ್ಮ ಧಾರವಾಡ ಆಗ ಮುಂಬೈ ಇಲಾಖಾದಾಗ ಇತ್ತು. 1956ರಾಗ ಕನ್ನಡ ನಾಡು ಒಂದಾತು, ಮರುವರ್ಷ ರಾಜ್ಯದ ವಿದ್ಯುತ್ ಮಂಡಳಿ ಆತು, 1960ರ ದಶಕದಾಗ ಶರಾವತಿ ಕರೆಂಟು ಬಂತು. ಅಲ್ಲಿಂದ ಮುಂದ ಹಳ್ಳಿ ಹಳ್ಳಿಗೆ ಕಂಬ ನೆಡೋದು ಜೋರಾತು.

ನನ್ನ ತವರಮನಿ ಧಾರವಾಡದ ಹತ್ರದ ಹಳ್ಳಿ. ನಾ ಮೂರನೇತ್ತೆ ಇದ್ದಾಗ ಮನಿಗೆ ದೀಪ ಬಂತು. ಪಡಸಾಲ್ಯಾಗ ಒಂದು, ಅಡಿಗಿಮನ್ಯಾಗ ಒಂದು ಬಲ್ಬು. ಕಟಗಿ ಪಟ್ಟಿ ಮ್ಯಾಲ ತಗಡಿನ ಕ್ಲಿಪ್ಪು ಹೊಡದು ವಾಯರ್ ಎಳದಿದ್ರು. ಗುಂಡಗಿನ ಕರೇ ಸ್ವಿಚ್ಚು, ಕೆಳಗ ಒತ್ತಿದ್ರ ಚಾಲೂ. ಆ ಕರೇ ವಸ್ತು ಬೇಕಲೈಟ್. ಲಿಯೋ ಬೇಕಲೆಂಡ್ ಅನ್ನೋ ವಿಜ್ಞಾನಿ 1907ರಾಗ ಮಾಡಿದ್ದು. ಗ್ವಾಡಿಗೆ ಪ್ಲಗ್ಗು ಅನ್ನೋದು ಇರಲೇ ಇಲ್ಲ. ಕರೆಂಟು ಅಂದ್ರ ದೀಪ, ಇಷ್ಟ ಅರ್ಥ ಇತ್ತು.

ಮುಂದ ಅಪ್ಪ ಹುಬ್ಬಳ್ಳಿಯಿಂದ ಇಸ್ತ್ರಿಪೆಟ್ಟಿಗಿ ತಂದ್ರು. ಪ್ಲಗ್ಗು ಇಲ್ಲ, ಏನ ಮಾಡೋದು? ಬಲ್ಬು ತಗದು, ಆ ಹೋಲ್ಡರಿಗೆ ಒಂದು ಅಡಾಪ್ಟರ್ ಸಿಗಸಿ, ಅದರಿಂದ ವಾಯರ್ ಇಳಿಬಿಟ್ಟು ಇಸ್ತ್ರಿ ಮಾಡೋದು. ನಮ್ಮಲ್ಲೆ ಅಷ್ಟ ಅಲ್ಲ, ಇಂಗ್ಲೆಂಡ್, ಅಮೆರಿಕಾದಾಗೂ ಮೊದಲ ಹಿಂಗ ಇತ್ತು. ಅಲ್ಲಿ ಮನಿಗಳಿಗೆ ದೀಪಕ್ಕಂತ ವಾಯರ್ ಎಳದಿದ್ರು. ಇಸ್ತ್ರಿ, ಫ್ಯಾನು ಎಲ್ಲಾ ದೀಪದ ಹೋಲ್ಡರಿಗೆ ಜೋತ ಬೀಳತಿದ್ವು. ದೀಪದ ವಾಯರ್ ತೆಳ್ಳಗ. ಅರವತ್ತು ವ್ಯಾಟಿನ ಬಲ್ಬು ಎಳಿಯೋ ಜಾಗಾದಾಗ ಐದನೂರು, ಏಳನೂರಾ ಐವತ್ತು ವ್ಯಾಟಿನ ಇಸ್ತ್ರಿ ಹಚ್ಚಿದ್ರ ಆ ವಾಯರಿಗೆ ಹ್ಯಾಂಗ ಆಗಬ್ಯಾಡ?

ಅದಕ್ಕಿಂತ ದೊಡ್ಡ ಕೊರತಿ ಇನ್ನೊಂದು ಇತ್ತು. ಹೋಲ್ಡರಿಗೆ ಬರೋದು ಎರಡ ತಂತಿ. ಒಂದು ಕರೆಂಟು ತರೋದು, ಇನ್ನೊಂದು ಒಯ್ಯೋದು. ಅರ್ಥಿಂಗ್ ಇಲ್ಲ. ಇಸ್ತ್ರಿಪೆಟ್ಟಿಗಿ ಮೈ ಕಬ್ಬಿಣ. ಒಳಗ ವಾಯರ್ ಸವದು ಮೈಗೆ ತಾಕಿತು ಅಂದ್ರ ಕರೆಂಟಿಗೆ ಭೂಮಿಗೆ ಹೋಗಲಿಕ್ಕೆ ಒಂದ ದಾರಿ. ಅದು ಇಸ್ತ್ರಿ ಹಿಡದವ್ರ ಕೈ.

ನಮ್ಮ ಸೋದರತ್ತಿಗೆ ಹಂಗ ಆತು. ಶ್ರಾವಣದ ಮಳಿ, ನೆಲಕ್ಕ ಹಸಿ, ಅತ್ತಿ ಬರಿಗಾಲಿಲೆ ನಿಂತು ಮಾಂವನ ಅಂಗಿ ಇಸ್ತ್ರಿ ಮಾಡ್ಲಿಕತ್ತಿದ್ರು. ಚೀರಲಿಕ್ಕೂ ಆಗಲಿಲ್ಲ ಅವ್ರಿಗೆ. ಕೈ ಬಿಡಲಿಕ್ಕೆ ಆಗವಲ್ದು. ಪಡಸಾಲ್ಯಾಗಿದ್ದ ನಮ್ಮ ಅವ್ವ ಓಡಿಬಂದು ಒಣಾ ಕಟಗಿ ಮಣಿಲೆ ವಾಯರನ್ನ ಹೊಡದು ಬೀಳಿಸಿದ್ಲು. ಜೀವ ಉಳೀತು. ಬಲಗೈ ಅಂಗೈಯೊಳಗ ಸುಟ್ಟ ಗಾಯದ ಗೆರಿ ಕಡೀತನಕ ಉಳೀತು. ರೊಟ್ಟಿ ಬಡಿಯೋವಾಗ ಆ ಕೈ ನಾ ಎಷ್ಟೋ ಸಲ ನೋಡೀನಿ. ಮರದಿನಾ ವಾಯರಮನ್ ಬಂದು ಅರಿವಿ ಸರಿಸಿ ತೋರಿಸಿದ. ಮ್ಯಾಲ ಕೆಂಪು-ಬಿಳೆ ನೂಲು ಹೊಸಾದ್ರಂಗ ಇತ್ತು. ಇಸ್ತ್ರಿ ಬುಡದಾಗ, ದಿನಾ ಬಾಗೋ ಜಾಗಾದಾಗ, ಒಳಗಿನ ರಬ್ಬರು ಬೂದಿಯಂಗ ಉದರಿ ಬಿತ್ತು.

ಆ ಇಸ್ತ್ರಿ ಐದು ವರ್ಷ ನಡದಿತ್ತು. ಒಂದ ಸಲನೂ ಕೆಟ್ಟಿರಲಿಲ್ಲ. ವಾಯರಿನ ಸ್ವಭಾವನ ಅದು. ಮಿಕ್ಸರ್ ಕೆಟ್ರ ನಿಂತ ಬಿಡ್ತದ, ನಮಗ ಗೊತ್ತಾಗ್ತದ. ವಾಯರ್ ಕೆಟ್ರೂ ಕೆಲಸ ಮಾಡ್ತನ ಇರ್ತದ. ನಿಂತಾಗ ಮಾತ್ರ ವಾಯರಮನ್‌ನ ಕರಿಯೋ ಪದ್ಧತಿ ನಮ್ಮದು. ಬಿಲ್ಲು ಕಟ್ಟೋದು ಗಂಡಸರು, ರಿಪೇರಿ ಮಾಡೋದು ವಾಯರಮನ್, ದಿನಾ ಮುಟ್ಟೋದು ನಾವು. ನೋಡೋದು ಯಾರ ಪಾಲಿಗೂ ಬರಲಿಲ್ಲ.

ಮೂರು ಪಿನ್ನಿನ ಪ್ಲಗ್ಗು ಈ ತೊಂದರಿಗೆ ಪರಿಹಾರ ಆಗಿ ಬಂದದ್ದು. ನಮ್ಮ ದೇಶದ ದುಂಡ ಪಿನ್ನಿನ ಪ್ಲಗ್ಗು ಇಂಗ್ಲೆಂಡಿನ 1934ರ ಒಂದು ಮಾದರಿಯಿಂದ ಬಂದದ್ದು. ಇಂಗ್ಲೆಂಡಿನವ್ರು ಆಮ್ಯಾಲ ಚೌಕ ಪಿನ್ನಿಗೆ ಹೋದ್ರು, ನಾವು ದುಂಡಂದನ್ನ ಇಟಕೊಂಡ್ವಿ. ಮ್ಯಾಲಿನ ಪಿನ್ನು ದಪ್ಪ, ಉದ್ದ ಯಾಕ ಅದ ಅಂತ ಯಾವಾಗರೆ ವಿಚಾರ ಮಾಡೀರೇನು? ಅದು ಅರ್ಥಿಂಗ್ ಪಿನ್ನು. ಉದ್ದ ಇರೋದ್ರಿಂದ ಪ್ಲಗ್ಗು ಹಾಕೋವಾಗ ಎಲ್ಲಕ್ಕಿಂತ ಮೊದಲ ಕೂಡ್ತದ, ತಗಿಯೋವಾಗ ಎಲ್ಲಕ್ಕಿಂತ ಕಡೀಗೆ ಬಿಡ್ತದ. ಕರೆಂಟು ಬರೂಕಿಂತ ಮೊದಲ ಕಾವಲು ನಿಂತಿರಬೇಕು ಅಂತ. ನಮ್ಮವ್ರು ಏನ ಮಾಡ್ತಾರ? ಬೋರ್ಡಿನಾಗ ಎರಡು ತೂತ ಇದ್ದರ ಆ ಪಿನ್ನನ್ನ ಮುರದು ಹಾಕ್ತಾರ. ಇಲ್ಲಾ ಪ್ಲಗ್ಗನ್ನ ಕತ್ತರಿಸಿ, ಬರೇ ತಂತಿ ತುರುಕಿ, ಮ್ಯಾಲ ಎರಡು ಕಡ್ಡಿಪೆಟ್ಟಿಗಿ ಕಡ್ಡಿ ಜಡೀತಾರ. ಕಾವಲುಗಾರನ್ನ ಮನಿಗೆ ಕಳಿಸಿ ಕಳ್ಳಗ ಬಾಗಲಾ ತಗದಂಗ ಆತದು.

ಒಳಗಿನ ತಂತಿ ಬಣ್ಣಕ್ಕೂ ಅರ್ಥ ಅದ. ಹಳೇ ವಾಯರಿನಾಗ ಕೆಂಪು ಕರೆಂಟು ತರೋದು, ಕರೇದು ತಿರುಗಿ ಒಯ್ಯೋದು, ಹಸರು ಅರ್ಥಿಂಗಿಂದು. ಈಗಿನ ಸಾಮಾನಿನ ವಾಯರಿನಾಗ ಕಂದು, ನೀಲಿ, ಹಸರು-ಹಳದಿ ಪಟ್ಟಿ ಬರ್ತಾವ. ಪ್ಲಗ್ಗು ಬದಲಿ ಮಾಡೋವಾಗ ಹಸರು ದಪ್ಪ ಪಿನ್ನಿಗೆ ಹೋಗೇದೋ ಇಲ್ಲೋ ಅಂತ ನಿಂತು ನೋಡ್ರಿ. ಅಷ್ಟು ಕೇಳಲಿಕ್ಕೆ ಇಂಜಿನಿಯರ್ ಆಗಬೇಕಿಲ್ಲ.

ಇನ್ನ ಪ್ಲಾಸ್ಟಿಕ್ ಅಂಗಿ. ಅಮೆರಿಕಾದ ಓಹಾಯೋ ರಾಜ್ಯದಾಗ ಒಂದು ರಬ್ಬರು ಕಂಪನಿಯೊಳಗಿದ್ದ ವಾಲ್ಡೋ ಸೀಮನ್ 1926ರಾಗ ಪೀವೀಸಿ ಅನ್ನೋ ಬಿರುಸು ಪ್ಲಾಸ್ಟಿಕ್ಕಿಗೆ ಒಂದು ಥರದ ಎಣ್ಣಿಯಂಥ ದ್ರವ ಕೂಡಿಸಿ ಮೆತ್ತಗ ಮಾಡೋದು ಕಂಡುಹಿಡದ. ಮೊದಲ ಅಷ್ಟೇನ ಗಿರಾಕಿ ಇರಲಿಲ್ಲ. 1942ರಾಗ ಮಹಾಯುದ್ಧದಾಗ ಜಪಾನಿನವ್ರು ಮಲಯಾ ಹಿಡದ್ರು. ಜಗತ್ತಿನ ರಬ್ಬರು ಭಾಳಷ್ಟು ಅಲ್ಲಿಂದ, ಸುತ್ತಲಿನ ನಾಡಿನಿಂದನ ಬರ್ತಿತ್ತು. ರಬ್ಬರು ನಿಂತ ಕೂಡ್ಲೆ ಹಡಗಿನ ವಾಯರಿಗೆ ಪೀವೀಸಿ ಹಾಕಲಿಕ್ಕೆ ಸುರು ಮಾಡಿದ್ರು. ಯುದ್ಧ ಮುಗದ ಮ್ಯಾಲ ಅದು ಮನಿಗಳಿಗೆ ಬಂತು. ನಾ ಲಗ್ನಾಗಿ ಧಾರವಾಡಕ್ಕ ಬರೂದ್ರೊಳಗ ಅಡಿಗಿಮನಿ ವಾಯರೆಲ್ಲಾ ಪೀವೀಸಿ ಆಗಿದ್ವು.

ನಮಗ ಇದರಿಂದ ಭಾಳ ಚಲೋ ಆತು. ನೀರು ಕುಡಿಯೂದಿಲ್ಲ, ಒರಸಲಿಕ್ಕೆ ಬರ್ತದ, ಅಗ್ಗ. ಆದ್ರ ಪೀವೀಸಿಗೂ ಒಂದು ವೈರಿ ಅದಾನ. ಬಿಸಿ. ಸಾಮಾನ್ಯ ಪೀವೀಸಿ ವಾಯರು ಎಪ್ಪತ್ತು ಡಿಗ್ರಿ ಬಿಸಿ ತನಕ ಇರಲಿಕ್ಕೆ ಮಾಡಿದ್ದು. ಹತ್ತಿ ಸೀರಿಗೆ ಬೇಕಾದಷ್ಟು ಕಾಯಿಸಿದ ಇಸ್ತ್ರಿ ತಳ ನೂರಾಎಂಬತ್ತು, ಎರಡನೂರು ಡಿಗ್ರಿ ಮುಟ್ಟತದ. ಇಸ್ತ್ರಿ ಮಾಡೋವಾಗ ವಾಯರ್ ಒಮ್ಮೆರೆ ತಳಕ್ಕ ತಾಕೇ ತಾಕ್ತದ. ಪೀವೀಸಿ ಆದ್ರ ಥಟ್ನ ಕರಗಿ ತಂತಿ ಬಯಲಾಗ್ತದ. ಹತ್ತಿ ನೂಲು ಕರಗೂದಿಲ್ಲ, ಸ್ವಲ್ಪ ಕಂದು ಆಗಿ ನಮಗ ಎಚ್ಚರಿಕಿ ಕೊಡ್ತದ. ಅದಕ್ಕ ನೋಡ್ರಿ, ಎಲ್ಲಾದ್ರ ಅಂಗಿ ಬದಲಾದ್ರೂ ಇಸ್ತ್ರಿ ವಾಯರ್ ಇನ್ನೂ ಅರಿವಿ ಬಿಟ್ಟಿಲ್ಲ. ಮ್ಯಾಲಿನ ಮನಿ ಸೊಸಿಗೆ ನಾ ಹೇಳಿದ ಉತ್ತರ ಇದು.

ಅಂಗಿ ಬದಲಾದಂಗ ಅದರ ವೈರಿನೂ ಬದಲಾದ. ಬದಲಾಗದ್ದು ನಮ್ಮ ರೂಢಿ. ಬರೇ ನೂಲಿನ ಅಂಗಿಗೆ ನೀರು ವೈರಿ. ರಬ್ಬರಿಗೆ ಎಣ್ಣಿ, ಬಿಸಲು, ವಯಸ್ಸು. ಪೀವೀಸಿಗೆ ಬಿಸಿ ಮತ್ತ ಚಿಮಣಿ ಎಣ್ಣಿ. ನಮ್ಮ ಓಣ್ಯಾಗ ಭಾಳ ಮಂದಿ ಮಿಕ್ಸರ್ ವಾಯರಿನ ಜಿಡ್ಡು ತಗೀಲಿಕ್ಕೆ ಚಿಮಣಿ ಎಣ್ಣಿ ಹಚ್ಚಿ ಒರಸ್ತಿದ್ರು. ಜಿಡ್ಡು ಹೋಗ್ತದ, ಜಿರಳಿ ಬರೂದಿಲ್ಲ ಅಂತ. ಒರಸಿದ ದಿನ ಹೊಳೀತದ ಖರೆ. ಆದ್ರ ಪೀವೀಸಿಯನ್ನ ಮೆತ್ತಗ ಇಟ್ಟಿರೋದು ಅದರೊಳಗಿನ ಆ ದ್ರವ. ಚಿಮಣಿ ಎಣ್ಣಿ, ಪೆಟ್ರೋಲು, ಥಿನ್ನರ್ ಅದನ್ನ ಹೊರಗ ಎಳೀತಾವ. ವರ್ಷಗಟ್ಟಲೆ ಹಂಗ ಮಾಡಿದ್ರ ವಾಯರ್ ಬಿರುಸಾಗಿ, ಬಾಗಿಸಿದಲ್ಲೆ ಸೀಳತದ. ರಬ್ಬರಿಗೆ ಹಚ್ಚಿದ್ರ ಉಬ್ಬಿ ಮೆತ್ತಗಾಗ್ತದ.

ಗಣಪತಿ ಮಂಟಪ ನೆನಪ ಮಾಡಿಕೊಳ್ರಿ. ಥರ್ಮಾಕೋಲಿಗೆ ಸೀರಿಯಲ್ ದೀಪದ ಸರ ಸುತ್ತಿ ಹಂಗ ಅಟ್ಟಕ್ಕ ಇಟ್ರ, ಮರುವರ್ಷ ವಾಯರು ಥರ್ಮಾಕೋಲಿನಾಗ ಹುಗದು ಅಂಟಿರ್ತದ. ಅದೂ ಇದೇ ಕಾರಣ. ವಾಯರಿನೊಳಗಿನ ದ್ರವ ಹೊರಗ ಬಂದು ಥರ್ಮಾಕೋಲನ್ನ ಕರಗಿಸ್ತದ. ದೀಪದ ಸರ ಥರ್ಮಾಕೋಲಿನಿಂದ ಬಿಡಿಸಿ, ಕಾಗದದಾಗ ಇಲ್ಲಾ ಅರಿವಿ ಚೀಲದಾಗ ಬ್ಯಾರೆ ಇಡ್ರಿ.

ಈಗ ಕೆಲಸ. ಮೊದಲ ಸ್ವಿಚ್ಚು ಬಂದ್ ಮಾಡಿ, ಪ್ಲಗ್ಗು ಪೂರ್ತಿ ಹೊರಗ ತಗೀರಿ. ಬರೇ ಸ್ವಿಚ್ಚು ನಂಬಬ್ಯಾಡ್ರಿ. ಪ್ಲಗ್ಗಿನ ಮೈ ಹಿಡದು ತಗೀಬೇಕು, ವಾಯರ್ ಹಿಡದು ಜಗ್ಗಬಾರದು. ಇಸ್ತ್ರಿ ಆಗಿದ್ರ ಪೂರ್ತಿ ಆರಲಿ.

ಪ್ಲಾಸ್ಟಿಕ್ ವಾಯರಿಗೆ ಮೊದಲ ಒಣಾ ಅರಿವಿಲೆ ಧೂಳ ತಗೀರಿ. ಜಿಡ್ಡು ಇದ್ದರ ಒಂದು ವಾಟಗಾ ನೀರಿಗೆ ಪಾತ್ರಿ ತಿಕ್ಕೋ ಸಾಬಾಣದ ಎರಡು ಹನಿ ಹಾಕಿ, ಅರಿವಿ ಅದ್ದಿ, ಕೈಯಾಗ ಹಿಂಡಿದ್ರ ಹನಿ ಬೀಳದಂಗ ಹಿಂಡ್ರಿ. ಅದರಿಂದ ಒರಸಿ, ಮತ್ತ ಬರೇ ನೀರಿನ ಹಿಂಡಿದ ಅರಿವಿಲೆ ಒಮ್ಮೆ, ಕಡೀಗೆ ಒಣಾ ಅರಿವಿಲೆ ಒಮ್ಮೆ. ಪ್ಲಗ್ಗಿಗೆ, ಮಿಕ್ಸರ್ ಬುಡಕ್ಕ ಹಸಿ ಅರಿವಿ ಒಯ್ಯಬ್ಯಾಡ್ರಿ. ಒಂದೆರಡು ತಾಸು ಗಾಳಿಗೆ ಬಿಟ್ಟು ಆಮ್ಯಾಲ ಹಚ್ಚರಿ. ಬಿಸಲಿಗೆ ಹಾಕೋದು ಬ್ಯಾಡ.

ಅರಿವಿ ವಾಯರಿಗೆ ನೀರು ತೋರಸಲೇಬ್ಯಾಡ್ರಿ. ಹಳೇ ಹಲ್ಲುಜ್ಜೋ ಬ್ರಷ್ಷು ಒಣಗಿದ್ದು ತಗೊಂಡು ನೂಲಿನ ಮ್ಯಾಲ ಹಗೂರಕ ಆಡಿಸಿದ್ರ ಧೂಳ ಹೋಗ್ತದ. ಕಲಿ ಉಳದ್ರ ಉಳೀಲಿ. ಕಲಿ ಹೋಗಲಿಲ್ಲ ಅಂತ ತೊಳದ್ರ ನೂಲಿನೊಳಗ ಇಳದ ನೀರು ಭಾಳ ಹೊತ್ತು ಆರೂದಿಲ್ಲ. ನೂಲು ಎಳಿ ಬಿಟ್ಟಿದ್ರ, ಒಳಗಿನ ಬಣ್ಣದ ತಂತಿ ಕಂಡ್ರ, ಆ ವಾಯರ್ ಒರಸೋದಲ್ಲ, ಬದಲಿ ಮಾಡಸೋದು.

ಒರಸೋದ್ರ ನಿಜವಾದ ಲಾಭ ಹೊಳಪು ಅಲ್ಲ. ಒರಸೋ ನೆಪದಾಗ ವಾಯರಿನ ಉದ್ದಕ್ಕೂ ಕೈ ಆಡಿಸ್ತೀವಲ್ಲ, ಅದು. ವಾಯರಿನ ಒಳಗ ಇರೋದು ಒಂದ ದಪ್ಪ ತಂತಿ ಅಲ್ಲ, ಶಾವಿಗಿ ಎಳಿಯಂಥಾ ಸಣ್ಣ ಸಣ್ಣ ಎಳಿಗಳ ಕಟ್ಟು. ಬಾಗಲಿ ಅಂತ ಹಂಗ ಮಾಡಿರ್ತಾರ. ದಿನಾ ಒಂದ ಜಾಗಾದಾಗ ಬಾಗಿ ಒಂದೊಂದ ಎಳಿ ಕಡೀತದ. ಉಳದ ಎಳಿಗಳ ಮ್ಯಾಲ ಎಲ್ಲಾ ಭಾರ ಬಿದ್ದು ಆ ಜಾಗಾ ಬಿಸಿ ಆಗ್ತದ. ಅದಕ್ಕ ಪ್ಲಗ್ಗಿನ ಕುತಗಿ, ಇಸ್ತ್ರಿ ಬುಡ, ಮಿಕ್ಸರಿನ ಹಿಂದಿನ ತೂತು, ಈ ಮೂರು ಜಾಗಾ ಬಟ್ಟಿಲೆ ಒತ್ತಿ ನೋಡ್ರಿ. ಮೆತ್ತಗ, ಟೊಳ್ಳ ಅನಸಿದ್ರ ಒಳಗ ಎಳಿ ಕಡದಾವ. ವಾಯರ್ ಅಳ್ಳಾಡಿಸಿದಾಗ ಮಷಿನ್ ಚಾಲೂ ಬಂದ್ ಆಗ್ತಿದ್ರ ಅದ ರೋಗ. ಇಲಿ ಕಚ್ಚಿದ ಗುರುತು, ಬಿರಕು, ಅಂಟಂಟ, ಬಣ್ಣ ಹೋಗಿ ಕಂದಾದ ಜಾಗಾ, ಎಲ್ಲಾ ಕೈಗೆ ಸಿಗ್ತಾವ.

ಪಿನ್ನು ಒಣಾ ಅರಿವಿಲೆ ಒರಸ್ರಿ. ಉಸುಕಿನ ಕಾಗದ ಹಾಕಿ ತಿಕ್ಕಬ್ಯಾಡ್ರಿ, ಮ್ಯಾಲಿನ ಲೇಪ ಹೋಗ್ತದ. ಪಿನ್ನು ಸುಟ್ಟು ಕರ್ರಗಾಗಿದ್ರ, ಪ್ಲಗ್ಗು ಬಿಸಿ ಹತ್ತತಿದ್ರ ಹೊಲಸಿನ ತಪ್ಪಲ್ಲ, ಬೋರ್ಡಿನ ತೂತು ಸಡಲ ಆಗೇದ ಅಂತ ಅರ್ಥ. ಎರಡನ್ನೂ ಬದಲಿ ಮಾಡಸ್ಬೇಕು.

ಸಣ್ಣ ಪ್ಲಗ್ಗು ಆರು ಆಂಪಿಯರಿಂದು, ದೊಡ್ಡದು ಹದಿನಾರರದ್ದು. ನಮ್ಮ ಕರೆಂಟು ಎರಡನೂರಾ ಮೂವತ್ತು ವೋಲ್ಟು. ಆರರಿಂದ ಗುಣಿಸಿದ್ರ 1380 ವ್ಯಾಟು. ಸಾವಿರ ವ್ಯಾಟಿನ ಇಸ್ತ್ರಿ ಸಣ್ಣದ್ರಾಗ ನಡೀತದ. ಎರಡ ಸಾವಿರ ವ್ಯಾಟಿನ ಗೀಜರು, ಇಂಡಕ್ಷನ್ ಒಲಿ ನಡಿಯೂದಿಲ್ಲ. ದೊಡ್ಡ ಪ್ಲಗ್ಗನ ಬೇಕು. ಬಲ್ಬಿನ ಹೋಲ್ಡರಿಗೆ ಇಸ್ತ್ರಿ ಜೋತಬಿಟ್ಟ ಆ ಕಾಲ ಹೋತು ಅಂತೀವಿ. ಆದ್ರ ಒಂದ ಎಕ್ಸ್‌ಟೆನ್ಷನ್ ಬೋರ್ಡಿಗೆ ಇಸ್ತ್ರಿ, ಮಿಕ್ಸರ್, ಹೀಟರ್ ಕೂಡೇ ಹಚ್ಚೋದು ಅದರ ಮೊಮ್ಮಗನ ಅಲ್ಲೇನು? 2023ರಾಗ ಗೃಹಜ್ಯೋತಿ ಬಂದ ಮ್ಯಾಲ ಬಿಲ್ಲಿನ ಅಂಜಿಕಿ ಕಡಿಮಿ ಆಗೇದ, ಸಾಮಾನು ಹೆಚ್ಚಾಗ್ಯಾವ. ಗ್ವಾಡ್ಯಾಗಿನ ವಾಯರ್ ಮಾತ್ರ ಮನಿ ಕಟ್ಟಿಸಿದಾಗಿಂದು.

ಟೇಪಿನ ಬಗ್ಗೆ ಒಂದು ಮಾತು. ಬಿರಕ ಬಿಟ್ಟ ವಾಯರಿಗೆ ಕರೇ ಟೇಪು ಸುತ್ತಿ ವರ್ಷಾನಗಟ್ಟಲೆ ನಡಸ್ತೀವಿ. ಬಿಸಿಗೆ ಅದರ ಅಂಟು ಬಿಟ್ಟು ಜಾರತದ. ವಾಯರಮನ್ ಬರೂತನಕ ಟೇಪು ಅಲ್ಲ, ಪ್ಲಗ್ಗು ತಗದು ಇಡೋದ ಚಲೋ. ಮನಿ ಮೀಟರ್ ಹತ್ರ ಆರ್‌ಸಿಸಿಬಿ ಅನ್ನೋ ಸ್ವಿಚ್ಚು ಅದನೋ ಇಲ್ಲೋ ಅವಗ ಕೇಳ್ರಿ. ಮನಿಗೆ ಹಾಕೋದು ಮೂವತ್ತು ಮಿಲಿಆಂಪಿಯರಿಂದು. ಅಷ್ಟು ಕರೆಂಟು ದಾರಿ ತಪ್ಪಿ ಮೈಗೆ ಹರೀತು ಅಂದ್ರ ಕಣ್ಣು ಮುಚ್ಚಿ ತಗಿಯೂದ್ರೊಳಗ ಬಂದ್ ಮಾಡ್ತದ. ಅದರ ಮ್ಯಾಲಿನ ಟೆಸ್ಟ್ ಗುಂಡಿ ಆಗಾಗ ಒತ್ತಿ ನೋಡಬೇಕು. ನಮ್ಮ ಸೋದರತ್ತಿ ಕಾಲಕ್ಕ ಅದು ಮನ್ಯಾಗ ಇದ್ದಿದ್ರ ಅವ್ರ ಅಂಗೈಯೊಳಗ ಆ ಗೆರಿ ಇರ್ತಿದ್ದಿಲ್ಲ.

ಯಾರಿಗರೆ ಶಾಕ್ ಹೊಡದ್ರ ಮುಟ್ಟಬ್ಯಾಡ್ರಿ, ಮೊದಲ ಮೇನ್ ಸ್ವಿಚ್ಚು ಬಂದ್ ಮಾಡ್ರಿ, 108ಕ್ಕ ಫೋನ್ ಹಚ್ಚರಿ. ವಾಯರಿಗೆ ಬೆಂಕಿ ಹತ್ತಿದ್ರ ನೀರು ಹಾಕಬ್ಯಾಡ್ರಿ. ಕಂಬದ ವಾಯರ್ ಹರದು ಬಿದ್ದಿದ್ರ 1912ಕ್ಕ ಹೇಳ್ರಿ. ಈ ನಂಬರು ಫ್ರಿಜ್ಜಿನ ಬಾಗಲಿಗೆ ಬರದು ಅಂಟಿಸಿದ್ರ ಮಕ್ಕಳಿಗೂ ಗೊತ್ತಿರ್ತಾವ.

ಇಷ್ಟೆಲ್ಲಾ ಯಾವಾಗ ಮಾಡೋದು ಅಂತೀರಿ. ನಮ್ಮಲ್ಲೆ ಅದಕ್ಕ ದಿನಾ ಗೊತ್ತು ಮಾಡೇ ಇಟ್ಟಾರ. ಖಂಡೇನವಮಿ. ಕುಡಗೋಲು, ಈಳಿಗಿ, ಒಳಕಲ್ಲು ತೊಳದು ಪೂಜಾ ಮಾಡ್ತಿದ್ರು. ಈಗ ಮಿಕ್ಸರಿಗೂ, ಇಸ್ತ್ರಿಗೂ ವಿಭೂತಿ ಕುಂಕುಮ ಹಚ್ಚತೀವಿ. ಆಯುಧ ತೊಳಿಯೋದ್ರ ಅರ್ಥನ ಅದರ ಹಿಡಿ ಸಡಲ ಆಗೇದೋ, ಮೊನಿ ಮುಕ್ಕಾಗೇದೋ ನೋಡೋದು. ಹಿಂದಿನ ದಿನ ಮಧ್ಯಾಹ್ನ ಮನ್ಯಾಗಿನ ವಾಯರೆಲ್ಲಾ ಬಿಚ್ಚಿ, ಒರಸಿ, ಕೈ ಆಡಿಸಿ ನೋಡ್ರಿ. ಹುಡಗ್ರನ್ನೂ, ಮನಿ ಗಂಡಸರನ್ನೂ ಕೂಡಿಸಿಕೊಳ್ರಿ. ಇಸ್ತ್ರಿ ಅಂಗಿ ಅವ್ರೂ ಹಾಕ್ಕೋತಾರಲ್ಲ! ಕೆಟ್ಟದ್ದನ್ನ ಬ್ಯಾರೆ ಇಟ್ಟು, ಹಬ್ಬ ಮುಗದ ಮ್ಯಾಲ ವಾಯರಮನ್‌ಗ ಕೊಡ್ರಿ. ಪೂಜಾದ ದಿನ ಕುಂಕುಮ ಮಷಿನಿನ ಮೈಗೆ ಹಚ್ಚರಿ, ಪಿನ್ನಿಗೆ, ತೂತಿಗೆ ಬ್ಯಾಡ. ನೀರು ಸಿಂಪಡಸೋದು ಪ್ಲಗ್ಗು ತಗದ ಮ್ಯಾಲ, ಅದೂ ಹೂವಿಲೆ ಒಂದ ಹನಿ ಸಾಕು. ದೇವಿ ಅಷ್ಟಕ್ಕ ಸಿಟ್ಟಾಗೂದಿಲ್ಲ.